ಹಕ್ಕಿಯ ರೆಕ್ಕೆಗೆ ‘ಸುರಕ್ಷಿತ’ ಕತ್ತರಿಯುಂಟೆ?

ಹಿಂಸೆಗೆ ಸೌಮ್ಯವಾದ ಹೆಸರಿಟ್ಟು ಅದನ್ನು ಮನೆಯೊಳಗೆ ಕರೆದುಕೊಳ್ಳುವುದು ಮನುಷ್ಯನ ಹಳೆಯ ಅಭ್ಯಾಸ. ಬೇಟೆಯನ್ನು ವಿನೋದವೆಂದೂ ಬಲಿಯನ್ನು ಪೂಜೆಯೆಂದೂ ಕರೆದ ಕಾಲದಲ್ಲಿ ಆ ಹೆಸರುಗಳ ಮುಸುಕನ್ನು ಸರಿಸಿ ಒಳಗಿನ ಹಿಂಸೆಯನ್ನು ತೋರಿಸಿಕೊಟ್ಟವರು ನಮ್ಮ ಆಚಾರ್ಯರು. ಅವರ ಪರಂಪರೆಯವರೆಂದು ಹೇಳಿಕೊಳ್ಳುವ ನಮ್ಮ ಮನೆಗಳಿಗೆ ಇಂದು ಅಂಥದೇ ಒಂದು ಮಾತು ಬಂದು ಸೇರಿದೆ: ‘ಸಾಕುಹಕ್ಕಿಯ ರೆಕ್ಕೆಯನ್ನು ಸುರಕ್ಷಿತವಾಗಿ ಕತ್ತರಿಸುವುದು.’ ಹಕ್ಕಿಗಳನ್ನು ಮಾರುವ ಅಂಗಡಿಯವನು ಇದನ್ನು ಹೇಳಿಕೊಡುತ್ತಾನೆ. ಮೊಬೈಲ್ ಫೋನಿನ ತೆರೆಯ ಮೇಲೆ ಇದರ ಪಾಠ ನಡೆಯುತ್ತದೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಕಂದಮೂಲಗಳನ್ನು ವರ್ಜಿಸುವ ಮನೆಯ ಜಗಲಿಯಲ್ಲಿಯೂ ಪಂಜರ ತೂಗುತ್ತಿದೆ. ಕಣ್ಣಿಗೆ ಕಾಣದ ಜೀವಿಗಾಗಿ ಬಟ್ಟೆಯಲ್ಲಿ ನೀರು ಸೋಸಿದ ಕೈಯೇ ಕಣ್ಣೆದುರಿನ ಪಂಚೇಂದ್ರಿಯ ಜೀವಿಯ ರೆಕ್ಕೆಯನ್ನು ಹಿಡಿದು ಎಳೆಯುತ್ತಿದೆ.

ಈ ಲೇಖನದ ವಾದ ಇಷ್ಟೇ. ರೆಕ್ಕೆಯನ್ನು ಎಷ್ಟು ಜಾಗರೂಕತೆಯಿಂದ ಕತ್ತರಿಸಿದರೂ ಅದು ಅಹಿಂಸಾಣುವ್ರತದ ಅತಿಚಾರವೇ. ಆದ್ದರಿಂದ ಶ್ರಾವಕನ ಮನೆಯಲ್ಲಿ ‘ಹೇಗೆ ಕತ್ತರಿಸಬೇಕು’ ಎಂಬ ಪ್ರಶ್ನೆಯೇ ಹುಟ್ಟಬಾರದು.

ಕ್ರಿಯೆಯ ಸ್ವರೂಪ

ಖಂಡಿಸುವ ಮೊದಲು ವಿಷಯವನ್ನು ನಿಷ್ಪಕ್ಷಪಾತವಾಗಿ ತಿಳಿಯುವುದು ಅನೇಕಾಂತವಾದಿಗಳಾದ ನಮ್ಮ ಕರ್ತವ್ಯ. ಹಕ್ಕಿಯ ರೆಕ್ಕೆಯ ಹೊರತುದಿಯಲ್ಲಿ, ನಮ್ಮ ಅಂಗೈ-ಬೆರಳುಗಳಿಗೆ ಸಮನಾದ ಭಾಗದಲ್ಲಿ, ಉದ್ದವಾದ ಹಾರುಗರಿಗಳಿರುತ್ತವೆ. ಗಿಳಿಯ ಬಳಗದ ಹಕ್ಕಿಗಳಲ್ಲಿ ಇವು ಪ್ರತಿ ರೆಕ್ಕೆಗೆ 10. ಗಾಳಿಯಲ್ಲಿ ಮುಂದಕ್ಕೆ ನೂಕುವ ಬಲ ಮುಖ್ಯವಾಗಿ ಇವುಗಳಿಂದಲೇ ಬರುತ್ತದೆ. ಈ ಗರಿಗಳಲ್ಲಿ ಕೆಲವನ್ನು ಎರಡೂ ಕಡೆ ಸಮನಾಗಿ ಕತ್ತರಿಸಿದರೆ ಹಕ್ಕಿ ಮೇಲೇರಲಾರದು, ತೇಲುತ್ತ ನೆಲಕ್ಕಿಳಿಯಬಲ್ಲದು. ಬೆಳೆದು ಬಲಿತ ಗರಿ ನಮ್ಮ ಉಗುರು-ಕೂದಲುಗಳಂತೆ ನಿರ್ಜೀವ ವಸ್ತು. ಅದನ್ನು ಕತ್ತರಿಸಿದಾಗ ನೋವಾಗುವುದಿಲ್ಲ. ಹೊಸದಾಗಿ ಬೆಳೆಯುತ್ತಿರುವ ಗರಿಯ ದೇಟಿನಲ್ಲಿ ಮಾತ್ರ ರಕ್ತ ಹರಿಯುತ್ತಿರುತ್ತದೆ. ಅದಕ್ಕೆ ಕತ್ತರಿ ತಗುಲಿದರೆ ರಕ್ತಸ್ರಾವವಾಗುತ್ತದೆ. ರೆಕ್ಕೆಯ ತುದಿಯ ಮೂಳೆಯನ್ನೇ ತೆಗೆದುಹಾಕಿ ಹಕ್ಕಿಯನ್ನು ಶಾಶ್ವತವಾಗಿ ಹಾರದಂತೆ ಮಾಡುವ ಇನ್ನೊಂದು ಕ್ರೂರ ಪದ್ಧತಿಯೂ ಉಂಟು. ಅದನ್ನು ಸಮರ್ಥಿಸುವ ಶ್ರಾವಕನು ಇರಲಾರನೆಂದು ನಂಬಿ, ಗರಿ ಕತ್ತರಿಸುವುದನ್ನಷ್ಟೇ ಇಲ್ಲಿ ವಿಚಾರಿಸುತ್ತೇವೆ.

‘ನೋವಿಲ್ಲದ ಮೇಲೆ ಹಿಂಸೆ ಎಲ್ಲಿ?’

ಸಮರ್ಥಕರ ಮೊದಲನೆಯ ವಾದ ಇದು. ಗರಿ ಉಗುರಿನಂತೆ, ಉಗುರು ಕತ್ತರಿಸುವುದು ಹಿಂಸೆಯಲ್ಲ, ಆದ್ದರಿಂದ ಗರಿ ಕತ್ತರಿಸುವುದೂ ಹಿಂಸೆಯಲ್ಲ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಉಗುರು ಕತ್ತರಿಸಿಕೊಂಡ ಮನುಷ್ಯ ಎದ್ದು ತನ್ನ ಕೆಲಸಕ್ಕೆ ಹೋಗುತ್ತಾನೆ. ಗರಿ ಕತ್ತರಿಸಿಕೊಂಡ ಹಕ್ಕಿ ಹೋಗಲಾರದು, ಹೋಗಬಾರದೆಂದೇ ಕತ್ತರಿಸಲಾಗಿದೆ. ಉಗುರಿನ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗಗಳನ್ನು ಕತ್ತರಿಸುವುದು ಛೇದ, ಶಕ್ತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಉಳಿದೆರಡು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದೇ ಐದು ದೋಷಗಳಿವೆ. ಈ ಪಟ್ಟಿಯನ್ನು ಗಮನವಿಟ್ಟು ನೋಡಬೇಕು. ಇವು ಕಟುಕನಿಗೆ ಹೇಳಿದ ಮಾತುಗಳಲ್ಲ. ಮನೆಯಲ್ಲಿ ಪ್ರಾಣಿಗಳನ್ನು ಇಟ್ಟುಕೊಂಡಿರುವ, ತಾನು ಕೊಲ್ಲುವುದಿಲ್ಲವೆಂಬ ಸಮಾಧಾನದಲ್ಲಿರುವ ವ್ರತಿ ಗೃಹಸ್ಥನಿಗೆ ಹೇಳಿದ ಎಚ್ಚರಿಕೆಗಳು. ಸಾಕುವವನ ಕೈಯಿಂದಲೇ ಆಗುವ ಹಿಂಸೆ ಯಾವುದೆಂದು ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು.

ಗರಿ ನಿರ್ಜೀವವಾದುದರಿಂದ ಅದು ಅಂಗವಲ್ಲ, ಹಾಗಾಗಿ ಇದು ಛೇದವಲ್ಲವೆಂದು ಸಮರ್ಥಕರು ವಾದಿಸಬಹುದು. ಆ ಮಾತನ್ನು ವಾದಕ್ಕಾಗಿ ಒಪ್ಪೋಣ. ಆಗ ಅವರು ಛೇದದಿಂದ ತಪ್ಪಿಸಿಕೊಂಡು ಬಂಧಕ್ಕೆ ಸಿಲುಕುತ್ತಾರೆ. ಕನ್ನಡನಾಡಿನ ಹೆಮ್ಮೆಯ ಆಚಾರ್ಯರಾದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಬಂಧವೆಂದರೇನೆಂದು ವಿವರಿಸುವಾಗ ಅದನ್ನು ಹಗ್ಗಕ್ಕೋ ಸರಪಳಿಗೋ ಸೀಮಿತಗೊಳಿಸಲಿಲ್ಲ. ಜೀವಿಯು ತಾನು ಬಯಸಿದ ಎಡೆಗೆ ಹೋಗುವುದನ್ನು ತಡೆಯುವ ಕಾರಣವೇ ಬಂಧವೆಂಬುದು ಅವರ ವಿವರಣೆಯ ತಾತ್ಪರ್ಯ. ಈ ಲಕ್ಷಣಕ್ಕೆ ರೆಕ್ಕೆ ಕತ್ತರಿಸುವುದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಕೆ? ಹಗ್ಗವನ್ನು ಗೂಟಕ್ಕೆ ಕಟ್ಟುತ್ತಾರೆ. ಇಲ್ಲಿ ಹಕ್ಕಿಯ ಮೈಯನ್ನೇ ಹಗ್ಗವನ್ನಾಗಿ ಮಾಡಿದ್ದಾರೆ. ಹಗ್ಗವನ್ನು ಬಿಚ್ಚಿದೊಡನೆ ಹಸು ನಡೆದೀತು. ಕತ್ತರಿಯ ಬಂಧವನ್ನು ಕಟ್ಟಿದವನೂ ಬಿಚ್ಚಲಾರ.

ಇನ್ನೊಂದು ದಾರಿಯಿಂದಲೂ ನೋಡಬಹುದು. ಪ್ರಮಾದಯೋಗದಿಂದ ಪ್ರಾಣಗಳಿಗೆ ಘಾತವುಂಟುಮಾಡುವುದು ಹಿಂಸೆ. ಪ್ರಾಣವೆಂದರೆ ಉಸಿರೊಂದೇ ಅಲ್ಲವೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯು ಸೇರಿ 10 ಪ್ರಾಣಗಳು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚವಾದ ಹಕ್ಕಿಗೆ ಈ ಹತ್ತೂ ಉಂಟು. ತಿರ್ಯಂಚರನ್ನು ಜಲಚರ, ಸ್ಥಲಚರ, ನಭಶ್ಚರಗಳೆಂದು ವಿಂಗಡಿಸಿದಾಗ ಹಕ್ಕಿಗೆ ಸಂದ ಹೆಸರು ನಭಶ್ಚರ. ಅದರ ಕಾಯಬಲವೆಲ್ಲ ಹಾರಾಟಕ್ಕಾಗಿ ರೂಪುಗೊಂಡುದು. ಹಾರುವ ಹಕ್ಕಿಗಳಲ್ಲಿ ಎದೆಯ ಹಾರಾಟದ ಸ್ನಾಯುಗಳೇ ಸಾಮಾನ್ಯವಾಗಿ ದೇಹತೂಕದ ಶೇಕಡ 15ರಿಂದ 25ರಷ್ಟಿರುತ್ತವೆ. ಮೂಳೆಗಳು ಟೊಳ್ಳು, ಎದೆಗೂಡು ದೋಣಿಯ ಅಡಿಯಂತೆ ಚೂಪು, ಉಸಿರಾಟಕ್ಕೆ ಗಾಳಿಚೀಲಗಳ ವಿಶೇಷ ವ್ಯವಸ್ಥೆ. ಇಷ್ಟನ್ನೂ ಮೈಯಲ್ಲಿಟ್ಟುಕೊಂಡ ಜೀವಿಯಿಂದ ಹಾರಾಟವನ್ನು ಕಿತ್ತುಕೊಂಡರೆ ಅದರ ಕಾಯಬಲಕ್ಕೆ ಘಾತವಾಗಲಿಲ್ಲವೆಂದು ಯಾರು ಹೇಳಬಲ್ಲರು?

ನೋವಿಲ್ಲದಿದ್ದರೆ ಹಿಂಸೆಯಿಲ್ಲ ಎನ್ನುವವರು ಯಶೋಧರನ ಕಥೆಯನ್ನು ಮತ್ತೊಮ್ಮೆ ನೆನೆಯಬೇಕು. 13ನೆಯ ಶತಮಾನದಲ್ಲಿ ಜನ್ನನು ಕನ್ನಡಕ್ಕೆ ತಂದ ಆ ಕಥೆಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಅದಕ್ಕೆ ರಕ್ತವಿಲ್ಲ, ನರವಿಲ್ಲ. ಆದರೂ ಸಂಕಲ್ಪದ ಫಲವಾಗಿ ಯಶೋಧರನೂ ತಾಯಿ ಚಂದ್ರಮತಿಯೂ ನವಿಲು-ನಾಯಿಗಳಾಗಿ, ಮುಂದೆ ಕೋಳಿಗಳೇ ಆಗಿ, ಜನ್ಮಜನ್ಮಾಂತರಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಹಕ್ಕಿಯನ್ನು ಕಡಿದುದಕ್ಕೆ ಇಷ್ಟೊಂದು ಭವಗಳೆಂದು ಮಕ್ಕಳಿಗೆ ಕಥೆ ಹೇಳುವ ನಾವು, ಜೀವಂತ ಹಕ್ಕಿಯ ಗರಿ ಕತ್ತರಿಸಿ ‘ಅದಕ್ಕೆ ನೋವಾಗಲಿಲ್ಲ’ ಎಂದು ಕೈ ತೊಳೆದುಕೊಳ್ಳುವುದು ಹೇಗೆ?

‘ಅದರ ಒಳಿತಿಗಾಗಿಯೇ’

ಎರಡನೆಯ ವಾದ ಹೆಚ್ಚು ಗಂಭೀರವಾದುದು. ತಿರುಗುವ ಫ್ಯಾನಿಗೆ ಸಿಕ್ಕಿ ಹಕ್ಕಿ ಸಾಯುತ್ತದೆ; ಗಾಜಿನ ಕಿಟಕಿಗೆ ಬಡಿದು ಬೀಳುತ್ತದೆ; ಅಡುಗೆಮನೆಯ ಕುದಿಯುವ ಎಣ್ಣೆಗೆ ಬೀಳುತ್ತದೆ; ತೆರೆದ ಬಾಗಿಲಿನಿಂದ ಹೊರಹೋದರೆ ಕಾಗೆ-ಬೆಕ್ಕುಗಳ ಪಾಲಾಗುತ್ತದೆ. ಆದ್ದರಿಂದ ಕತ್ತರಿಸುವುದೇ ದಯೆಯೆಂದು ಅವರ ಮತ. ಈ ಅಪಾಯಗಳು ನಿಜ, ಇವುಗಳನ್ನು ಅಲ್ಲಗಳೆಯುವುದಿಲ್ಲ.

ಆದರೆ ಅಪಾಯದ ಮೂಲ ಎಲ್ಲಿದೆ? ಫ್ಯಾನ್ ನಮ್ಮದು, ರೆಕ್ಕೆ ಅದರದು. ಎರಡರಲ್ಲಿ ಒಂದು ನಿಲ್ಲಲೇಬೇಕಾದರೆ ನಿಲ್ಲಬೇಕಾದುದು ಯಾವುದು? ಹಕ್ಕಿಯನ್ನು ಹೊರಬಿಡುವ ಹೊತ್ತಿನಲ್ಲಿ ಫ್ಯಾನನ್ನು ಆರಿಸಬಹುದು. ಗಾಜಿಗೆ ಪರದೆ ಇಳಿಬಿಡಬಹುದು. ಕಿಟಕಿಗೆ ಜಾಲರಿ ಹೊಡೆಸಬಹುದು. ಅಡುಗೆಮನೆಯ ಬಾಗಿಲನ್ನು ಮುಚ್ಚಬಹುದು. ಮುಚ್ಚಲೇಬೇಕು ಸಹ, ಏಕೆಂದರೆ ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಹಕ್ಕಿಗೆ ಮಾರಕ, ಆ ಹೊಗೆಯಿಂದ ಯಾವ ಕತ್ತರಿಯೂ ಕಾಪಾಡದು. ಇವೆಲ್ಲ ನಮ್ಮಿಂದಾಗುವ ಕೆಲಸಗಳು. ಇವುಗಳನ್ನು ಮಾಡದೆ ಕತ್ತರಿ ಹಿಡಿಯುವವನು ಹಕ್ಕಿಯ ಸುರಕ್ಷಿತತೆಯನ್ನಲ್ಲ, ತನ್ನ ಅನುಕೂಲವನ್ನು ಸಾಧಿಸುತ್ತಿದ್ದಾನೆ. ಅದಕ್ಕೆ ದಯೆಯೆಂದು ಹೆಸರಿಡುವುದು ಹಿಂಸೆಯ ಜೊತೆಗೆ ಮಾಯಾಕಷಾಯವನ್ನೂ ಸೇರಿಸಿದಂತೆ.

ಕತ್ತರಿಸಿದ ಹಕ್ಕಿ ನಿಜವಾಗಿಯೂ ಸುರಕ್ಷಿತವೆ? ಹಗುರವಾದ ಹಕ್ಕಿ ಕೆಲವು ಗರಿಗಳನ್ನು ಕಳೆದುಕೊಂಡರೂ ಬೀಸುಗಾಳಿಯಲ್ಲಿ ತೂರಿಕೊಂಡು ಹೊರಹೋಗಬಲ್ಲದು. ಆದರೆ ಮರಳಿ ಬರಲಾರದು, ಬೆಕ್ಕು ಬಂದರೆ ಮರವೇರಲಾರದು. ಹೆಚ್ಚು ಗರಿಗಳನ್ನು ಕತ್ತರಿಸಿದರೆ ಭಾರವಾದ ಹಕ್ಕಿ ಕಲ್ಲಿನಂತೆ ಬಿದ್ದು ಎದೆಮೂಳೆಯ ಮೇಲಿನ ಚರ್ಮ ಸೀಳುತ್ತದೆ. ಒಂದೇ ಕಡೆ ಕತ್ತರಿಸಿದರೆ ಸಮತೋಲ ತಪ್ಪುತ್ತದೆ. ಮೊಂಡಾದ ದೇಟುಗಳು ಮೈಗೆ ಚುಚ್ಚಿದರೆ ಹಕ್ಕಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಬಹುದು. ಹಾರಾಟವಿಲ್ಲದೆ ಸ್ನಾಯು ಸೊರಗುತ್ತದೆ, ಕೊಬ್ಬು ಸೇರುತ್ತದೆ. ಹಾರಲು ಕಲಿಯುವ ಮುನ್ನವೇ ಗರಿ ಕಳೆದುಕೊಂಡ ಮರಿಗೆ ಆ ಕಲಿಕೆಯ ಸಮಯವೇ ಜಾರಿಹೋಗುತ್ತದೆ. ಕತ್ತರಿಸುವುದನ್ನು ಹೇಳಿಕೊಡುವವರೇ ಇಷ್ಟೊಂದು ಎಚ್ಚರಿಕೆಗಳನ್ನು ಪಟ್ಟಿಮಾಡುತ್ತಾರೆ. ಇಷ್ಟು ಎಚ್ಚರಿಕೆ ಬೇಡುವ ಕೆಲಸವನ್ನು ಸುರಕ್ಷಿತವೆಂದು ಕರೆದವರು ಯಾರು?

ಚಿಕಿತ್ಸೆಗಾಗಿ ಪಶುವೈದ್ಯರು ಮಾಡಬೇಕಾಗುವ ಕ್ರಮಗಳ ಮಾತು ಬೇರೆ. ವೈದ್ಯನ ಶಸ್ತ್ರದ ಹಿಂದೆ ರೋಗಿಯ ಹಿತವಿರುತ್ತದೆ. ಗಾಯ ಮಾಯುವವರೆಗಿನ ಕಟ್ಟು ಗಾಯಕ್ಕಾಗಿ ಇರುತ್ತದೆ. ಆರೋಗ್ಯವಂತ ಹಕ್ಕಿಯ ರೆಕ್ಕೆಗೆ ಆ ಉದಾಹರಣೆಯನ್ನು ಎಳೆದು ತರುವುದು ನ್ಯಾಯವಲ್ಲ.

‘ಮತ್ತೆ ಬೆಳೆಯುತ್ತದಲ್ಲ’

ಮೂರನೆಯ ವಾದ ಇದು. ಗರಿ ಮತ್ತೆ ಬೆಳೆಯುವುದು ನಿಜ. ಆದರೆ ಕತ್ತರಿಸಿದ ಗರಿ ಕೂದಲಿನಂತೆ ಉದ್ದವಾಗುವುದಿಲ್ಲ. ಹಳೆಯ ಮೊಂಡು ಗರಿ ಉದುರಿ, ಅದರ ಸ್ಥಾನದಲ್ಲಿ ಹೊಸತು ಹುಟ್ಟಬೇಕು. ಅದಕ್ಕೆ ತಿಂಗಳುಗಳು, ಕೆಲವು ವೇಳೆ ಒಂದು ವರ್ಷವೇ ಬೇಕಾಗಬಹುದು. ಹಾಗೆ ಹುಟ್ಟುವ ರಕ್ತಭರಿತವಾದ ಎಳೆಯ ಗರಿಗೆ ಪಕ್ಕದ ಗರಿಗಳ ಆಸರೆಯಿಲ್ಲದ್ದರಿಂದ ಅದು ಸುಲಭವಾಗಿ ಮುರಿಯುತ್ತದೆ. ಇದೆಲ್ಲವನ್ನು ದಾಟಿ ಗರಿ ಬೆಳೆದಾಗ ಒಡೆಯನು ಏನು ಮಾಡುತ್ತಾನೆ? ಮತ್ತೆ ಕತ್ತರಿಸುತ್ತಾನೆ. ಮತ್ತೆ ಬೆಳೆಯುತ್ತದೆಂಬ ಮಾತನ್ನು ಬೆಳೆಯಲು ಬಿಡುವವನು ಹೇಳಬೇಕೇ ಹೊರತು ಬೆಳೆದಾಗಲೆಲ್ಲ ಕತ್ತರಿಸುವವನಲ್ಲ.

ಇನ್ನು ಕೆಲವರು ‘ನಾವು ಮುಟ್ಟುವುದಿಲ್ಲ, ಅಂಗಡಿಯವನೇ ಕತ್ತರಿಸಿ ಕೊಡುತ್ತಾನೆ’ ಎನ್ನುತ್ತಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಪದಗಳನ್ನು ಪ್ರತಿಕ್ರಮಣದಲ್ಲಿ ಉಚ್ಚರಿಸುವವರ ಬಾಯಲ್ಲಿ ಈ ಮಾತು ಶೋಭಿಸುವುದಿಲ್ಲ. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳಿಂದ ಪೂರ್ಣ ಬಿಡುಗಡೆ ಕಷ್ಟವೆಂದು ಶಾಸ್ತ್ರಕಾರರು ಬಲ್ಲರು. ಗಿಳಿಯ ಗರಿ ಕತ್ತರಿಸದೆ ಅಡುಗೆ ನಿಲ್ಲುವುದಿಲ್ಲ. ಆದ್ದರಿಂದ ಇದು ಆರಂಭಿಯಲ್ಲ. ಜೀವನೋಪಾಯವಲ್ಲದ್ದರಿಂದ ಉದ್ಯೋಗಿಯಲ್ಲ. ಹಕ್ಕಿ ನಮ್ಮ ಮೇಲೆ ದಂಡೆತ್ತಿ ಬಂದಿಲ್ಲವಾದ್ದರಿಂದ ವಿರೋಧಿಯಲ್ಲ. ಉಳಿದುದು ಸಂಕಲ್ಪಿ ಹಿಂಸೆ. ಶ್ರಾವಕನು ಮೊಟ್ಟಮೊದಲು ಬಿಡಬೇಕಾದುದು ಅದನ್ನೇ.

ಹಾಗಾದರೆ ಮಾಡಬೇಕಾದುದೇನು?

ಕತ್ತರಿ ಬಂಧವಾದರೆ ಪಂಜರವೂ ಬಂಧವೇ ಅಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ಬಂಧವೇ. ಆದ್ದರಿಂದ ಮೊದಲನೆಯ ಧರ್ಮ, ಹಕ್ಕಿಯನ್ನು ಕೊಳ್ಳದಿರುವುದು. ಮಕ್ಕಳ ಹುಟ್ಟುಹಬ್ಬಕ್ಕೆಂದು ಜೋಡಿ ಹಕ್ಕಿಗಳನ್ನು ಉಡುಗೊರೆ ಕೊಡುವ ವಾಡಿಕೆಯನ್ನು ನಮ್ಮ ಕುಟುಂಬಗಳು ಕೈಬಿಡಬೇಕು. ಪರಿಗ್ರಹದ ಗಣನೆಯಲ್ಲಿ ಜೀವವುಳ್ಳ ಸಚಿತ್ತ ಪರಿಗ್ರಹವೂ ಸೇರಿದೆ ಎಂಬುದನ್ನು ಮರೆಯಬಾರದು.

ಈಗಾಗಲೇ ಮನೆಯಲ್ಲಿರುವ ಹಕ್ಕಿಗಳ ವಿಷಯದಲ್ಲಿ ವಿವೇಕ ಬೇಕು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಅಪರಾಧ. ಅಂಥ ಗಿಳಿ ಮನೆಯಲ್ಲಿದ್ದರೆ ಅರಣ್ಯ ಇಲಾಖೆಯನ್ನು ಸಂಪರ್ಕಿಸಿ ಒಪ್ಪಿಸಬೇಕು. ಗರಿ ಕಳೆದುಕೊಂಡ ಗಿಳಿಯನ್ನು ಪುಣ್ಯಕ್ಕೆಂದು ತಾವೇ ತಾರಸಿಯಿಂದ ಹಾರಿಬಿಡುವುದು ಕೊಲೆಗೆ ಸಮಾನ. ಬಜರಿಗರ್, ಕಾಕಟೀಲ್‌ಗಳು ಆಸ್ಟ್ರೇಲಿಯ ಮೂಲದವು. ಬಜರಿಗರ್‌ಗಳನ್ನೇ ನಮ್ಮಲ್ಲಿ ಅನೇಕರು ‘ಲವ್ ಬರ್ಡ್ಸ್’ ಎಂದು ಕರೆಯುತ್ತಾರೆ. ನಿಜವಾದ ಲವ್ ಬರ್ಡ್‌ಗಳು ಆಫ್ರಿಕ ಮೂಲದವು. ಪಂಜರದಲ್ಲಿಯೇ ಹುಟ್ಟಿ ಬೆಳೆದ ಇವುಗಳನ್ನೂ ಇಲ್ಲಿ ಹೊರಬಿಟ್ಟರೆ ಬದುಕುವುದು ಬಹಳ ಕಷ್ಟ. ಇವುಗಳನ್ನು ಸಾಯುವವರೆಗೆ ಸಾಕುವ ಹೊಣೆ ತಂದವರದೇ. ಕಾಕಟೀಲ್ ಹದಿನೈದು-ಇಪ್ಪತ್ತು ವರ್ಷ ಬದುಕಬಲ್ಲದು. ಹೊಣೆಯೂ ಅಷ್ಟು ದೀರ್ಘ. ಗರಿಗಳನ್ನು ಬೆಳೆಯಲು ಬಿಡಿ. ರೆಕ್ಕೆ ಬಿಚ್ಚಿ ಹಾರುವಷ್ಟು ವಿಶಾಲವಾದ ಜಾಲರಿಮನೆಯನ್ನೋ, ದಿನಕ್ಕೆ ಕೆಲವು ಗಂಟೆ ಹಾರಲು ಸುರಕ್ಷಿತವಾದ ಕೋಣೆಯನ್ನೋ ಕೊಡಿ. ಒಂಟಿಯಾಗಿಡಬೇಡಿ. ಸಂತತಿ ಬೆಳೆಯದಂತೆ ಗೂಡುಪೆಟ್ಟಿಗೆ ಇಡಬೇಡಿ. ಇರುವ ಹಕ್ಕಿಯ ಆಯು ತೀರಿದ ಮೇಲೆ ಆ ಪಂಜರವನ್ನು ಮತ್ತೆ ತುಂಬಬೇಡಿ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಪರ್ವದಿನಗಳಲ್ಲಿ ಜೀವದಯೆಯ ಹೆಸರಿನಲ್ಲಿ ಮಾರುಕಟ್ಟೆಯಿಂದ ಹಕ್ಕಿಗಳನ್ನು ಕೊಂಡು ಹಾರಿಬಿಡುವ ಕ್ರಮ ಕೆಲವೆಡೆ ಉಂಟು. ಭಾವನೆ ಶುದ್ಧವಿರಬಹುದು. ಆದರೆ ಹಣ ಹೋಗುವುದು ಬಲೆ ಹಾಕಿದವನಿಗೆ. ಕೊಳ್ಳುವವರಿದ್ದಾರೆಂದು ತಿಳಿದೊಡನೆ ಅವನು ಮುಂದಿನ ಹಬ್ಬಕ್ಕೆ ಇನ್ನಷ್ಟು ಹಿಡಿಯುತ್ತಾನೆ. ಕೈತಪ್ಪದಿರಲೆಂದು ಗರಿಗಳನ್ನು ಕತ್ತರಿಸಿಯೇ ತರುವುದೂ ಉಂಟು. ನಾವು ಪಂಚನಮಸ್ಕಾರ ಹೇಳಿ ಮೇಲೆಸೆದ ಹಕ್ಕಿ ಹಿತ್ತಿಲಲ್ಲಿ ಬಿದ್ದು ಕಾಗೆಗಳ ಪಾಲಾಗುತ್ತದೆ. ಇದು ಅಭಯದಾನವಲ್ಲ. ಹಕ್ಕಿ ಹಿಡಿಯುವವನಿಗೆ ಕೊಟ್ಟ ಮುಂಗಡ.

ಆ ಹಣಕ್ಕೆ ಸನ್ಮಾರ್ಗವಿದೆ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆ 1929ರಲ್ಲಿ ಆರಂಭವಾದುದು. ಗಾಯಗೊಂಡ ಹಕ್ಕಿಗಳಿಗೆ ಅಲ್ಲಿ ಚಿಕಿತ್ಸೆ ನಡೆಯುತ್ತದೆ. ಗುಣಹೊಂದಿದವನ್ನು ಆಕಾಶಕ್ಕೆ ಬಿಡುತ್ತಾರೆ. ಔಷಧದಾನ ಮತ್ತು ಅಭಯದಾನ ಎರಡೂ ಅಲ್ಲಿ ಒಂದಾಗಿವೆ. ಪ್ರತಿಯೊಂದು ಬಸದಿಯೂ ಆಸ್ಪತ್ರೆ ಕಟ್ಟಲಾರದು. ಆದರೆ ಹಕ್ಕಿ ಕೊಳ್ಳುವ ಹಣವನ್ನು ಪಶುವೈದ್ಯರ ವೆಚ್ಚಕ್ಕೆ ಕೊಡಬಲ್ಲದು. ಅಕ್ರಮ ಮಾರಾಟ ಕಂಡಾಗ ಅರಣ್ಯ ಇಲಾಖೆಗೆ ತಿಳಿಸಬಲ್ಲದು. ಪರ್ವದ ಕರಪತ್ರದಲ್ಲಿ ‘ಹಕ್ಕಿಗಳನ್ನು ಕೊಳ್ಳಬೇಡಿ, ರೆಕ್ಕೆ ಕತ್ತರಿಸಬೇಡಿ’ ಎಂದು ಎರಡು ಸಾಲು ಅಚ್ಚುಹಾಕಿಸಬಲ್ಲದು.

ಆಕಾಶದಲ್ಲಿ ಹಾರುವುದು ಹಕ್ಕಿಗಳ ಹಕ್ಕೆಂದು ದೆಹಲಿ ಉಚ್ಚ ನ್ಯಾಯಾಲಯ 2015ರಲ್ಲಿ ಅಭಿಪ್ರಾಯಪಟ್ಟಿತು. ಜೀವಿಗಳಲ್ಲಿ ಅನುಕಂಪವಿರಬೇಕೆಂಬುದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಮೂಲಭೂತ ಕರ್ತವ್ಯವಾಗಿ ಸೇರಿತು. ಇವು ಸಂತೋಷದ ಸಂಗತಿಗಳು. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಸಮಾಜವು ಈ ಪಾಠವನ್ನು ನ್ಯಾಯಾಲಯದಿಂದ ಕಲಿಯುವಂತಾಗಬಾರದು.

ನಮ್ಮ ಮುನಿಗಳ ಕೈಯಲ್ಲಿ ಸದಾ ಇರುವ ಪಿಂಛಿಯನ್ನು ನಾವೆಲ್ಲ ಭಕ್ತಿಯಿಂದ ನೋಡುತ್ತೇವೆ. ಅದು ಗರಿಗಳಿಂದಲೇ ಆದುದು. ಆದರೆ ನವಿಲು ತಾನಾಗಿ ಉದುರಿಸಿದ ಗರಿಗಳಿಂದ. ಕುಳಿತುಕೊಳ್ಳುವ ನೆಲದಲ್ಲಿರುವ ಸೂಕ್ಷ್ಮಜೀವಿಗೂ ಬಾಧೆಯಾಗದಂತೆ ಸರಿಸಲು ಅದಕ್ಕಿಂತ ಮೃದುವಾದ ವಸ್ತು ಮತ್ತೊಂದಿಲ್ಲವೆಂದು ಆರಿಸಿದ ಉಪಕರಣ ಅದು. ಉದುರಿದ ಗರಿಯನ್ನು ಸಂಯಮದ ಸಾಧನವನ್ನಾಗಿ ಮಾಡಿಕೊಂಡ ಪರಂಪರೆಯವರ ಮನೆಯಲ್ಲಿ ಕತ್ತರಿಸಿದ ಗರಿಗಳು ನೆಲದ ಮೇಲೆ ಬಿದ್ದಿರುವುದು ತರವಲ್ಲ. ಮುಂದಿನ ದಶಲಕ್ಷಣ ಪರ್ವದೊಳಗೆ ಪ್ರತಿಯೊಂದು ಕುಟುಂಬವೂ ತನ್ನ ಮನೆಯಿಂದ ಆ ಕತ್ತರಿಯನ್ನು ಹೊರಗಿಡಲಿ. ಪ್ರತಿಯೊಂದು ವಿಶ್ವಸ್ತ ಮಂಡಳಿಯೂ ಹಕ್ಕಿ ಕೊಳ್ಳುವುದಿಲ್ಲವೆಂಬ ನಿರ್ಣಯವನ್ನು ತನ್ನ ನಡವಳಿ ಪುಸ್ತಕದಲ್ಲಿ ಬರೆದಿಡಲಿ. ಈ ಅಲ್ಪ ತ್ಯಾಗದಿಂದ ನಾವು ಕಳೆದುಕೊಳ್ಳುವುದು ಒಂದು ಅಲಂಕಾರವನ್ನು ಮಾತ್ರ.